ಬಿಳಿಯದೆಲ್ಲ ಹಿಟ್ಟು ತಿಗಣೆಯಲ್ಲ

ಖಾನಾಪುರ ತಾಲೂಕಿನ ಜಾಂಬೋಟಿಯಂತಹ ಘಟ್ಟದಂಚಿನ ಊರುಗಳಲ್ಲಿ ಮಳೆಗಾಲ ಬಂತೆಂದರೆ ಕಳ್ಳಿ, ಲೋಳೆಸರದ ಕುಂಡಗಳನ್ನು ಒಳಗೆ ತಂದಿಡಬೇಕಾಗುತ್ತದೆ. ಗಾಳಿಯಾಡದ ಮೂಲೆಯಲ್ಲಿ ಒತ್ತೊತ್ತಾಗಿಟ್ಟ ಗಿಡಗಳಿಗೆ ಹಿಟ್ಟು ತಿಗಣೆ ಬಲುಬೇಗ ಹರಡುತ್ತದೆ. ಎಲೆಯ ಬುಡದಲ್ಲಿ ಹತ್ತಿಯ ಉಂಡೆಯಂತೆ ಅಂಟಿಕೊಂಡು ಅದು ರಸ ಹೀರುತ್ತದೆ. ಕುಂಡದತ್ತ ಇರುವೆಗಳ ಸಾಲು ಕಂಡರೆ ಅದೇ ಮೊದಲ ಸುಳಿವು. ತಿಗಣೆ ಸ್ರವಿಸುವ ಸಿಹಿ ಅಂಟಿಗಾಗಿ ಅವು ಬರುತ್ತವೆ.

ಕೆಲವು ಜಾತಿಯ ಎಲೆಗಳಿಗೆ ಸಹಜವಾಗಿಯೇ ಬೂದಿಯಂತಹ ಮೇಣದ ಲೇಪವಿರುತ್ತದೆ. ಎಲೆಯ ತುಂಬ ಸಮನಾಗಿ ಹರಡಿರುವ ಅದನ್ನು ಒರೆಸಬಾರದು, ಬಿಸಿಲಿನಿಂದ ಗಿಡಕ್ಕೆ ಅದೇ ರಕ್ಷೆ.

ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ತಿಗಣೆಗಳನ್ನು ಒರೆಸಿ ತೆಗೆಯುವುದು ಮನೆಯ ಮಟ್ಟಿಗೆ ಸಾಕು. ಉಳಿದ ಮೊಟ್ಟೆಗಳು ಒಡೆಯುವುದರಿಂದ ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ಸಲ ಇದನ್ನು ಮಾಡಬೇಕು. ಬೇರಿಗೆ ಅಂಟುವ ತಿಗಣೆಗಳೂ ಇವೆ. ಕಾರಣ ಕಾಣದೆ ಸೊರಗಿದ ಗಿಡಕ್ಕೆ ಇನ್ನಷ್ಟು ನೀರೆರೆದು ಕೊಳೆಸುವ ಬದಲು ಕುಂಡದಿಂದ ಎತ್ತಿ ಬೇರನ್ನು ನೋಡುವುದು ಲೇಸು.

ಹೊರಗಿಟ್ಟ ಕುಂಡಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ದುಂಬಿ ತಿಗಣೆಗಳನ್ನೇ ತಿಂದು ಬದುಕುತ್ತದೆ. ಅದರ ಮರಿಹುಳುವೂ ಬಿಳಿ ಎಳೆಗಳನ್ನೇ ಹೊದ್ದಿರುವುದರಿಂದ ತಿಗಣೆಯೆಂದು ಭ್ರಮಿಸಿ ಕೊಲ್ಲುವವರೇ ಹೆಚ್ಚು. ಬೆಳೆದ ಮರಿಹುಳು ತಿಗಣೆಗಿಂತ ದೊಡ್ಡದು. ಮುಟ್ಟಿದರೆ ಚುರುಕಾಗಿ ಓಡುತ್ತದೆ. ಅದು ಕಂಡ ಗಿಡಕ್ಕೆ ಔಷಧಿ ಸಿಂಪಡಿಸಬೇಕಿಲ್ಲ.