ಬಂದು ಹೋಗುವ ನರವ್ಯಾಧಿ

ಜ್ವರ ಬಿಟ್ಟಿತೆಂದರೆ ರೋಗವೂ ಹೋಯಿತೆಂದು ತಿಳಿಯುವುದು ನಮ್ಮ ಮನೆಗಳ ವಾಡಿಕೆ. ಅನೇಕ ರೋಗಗಳ ವಿಷಯದಲ್ಲಿ ಇದು ಸರಿಯೂ ಹೌದು. ಆದರೆ ಬಂದು, ಶಮನವಾಗಿ, ಮನೆಯವರನ್ನು ನಿಶ್ಚಿಂತರನ್ನಾಗಿ ಮಾಡಿ, ಪುನಃ ಬರುವ ನರವ್ಯಾಧಿಯೊಂದುಂಟು. ವೈದ್ಯರು ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುವರು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಗೃಹಸ್ಥರು ಇದರ ವಿಚಾರವಾಗಿ ತಿಳಿದಿರಬೇಕಾದ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

ತೋಟದ ಪಂಪುಸೆಟ್ಟಿನ ತಂತಿಗೆ ಹೊದಿಕೆಯಿರುವಂತೆ, ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮೈಲಿನ್ ಎಂಬ ಪೊರೆಯುಂಟು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಈ ಪೊರೆಯನ್ನು ಕೆಡಿಸುವುದರಿಂದ ಈ ವ್ಯಾಧಿಯುಂಟಾಗುವುದು. 1868ರಲ್ಲಿ ಫ್ರಾನ್ಸಿನ ಶಾರ್ಕೊ ಎಂಬ ವೈದ್ಯನು ಇದನ್ನು ಸ್ಪಷ್ಟವಾಗಿ ವರ್ಣಿಸಿದನು. ಇಪ್ಪತ್ತರಿಂದ ನಲವತ್ತರ ವಯಸ್ಸಿನವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಇದು ಹೆಚ್ಚಾಗಿ ತೋರುವುದು.

ತರೀಕೆರೆಯ ಕಡೆಯ ಅಡಿಕೆ ತೋಟದ ಮನೆಯೊಂದನ್ನು ಊಹಿಸಿಕೊಳ್ಳೋಣ. ಸೊಸೆಗೆ ಒಂದು ಕಣ್ಣು ಮಂಜಾಯಿತು. ಕೆಲವು ವಾರಗಳಲ್ಲಿ ದೃಷ್ಟಿ ಮರಳಿತು. ವರ್ಷದ ಮೇಲೆ ಕಾಲು ಜೋಮುಹಿಡಿಯಿತು, ಅದೂ ಇಳಿಯಿತು. ಅತ್ತೆಯವರು ನಿಶ್ಶಕ್ತಿಯೆಂದರು, ನೆರೆಯವರು ದೃಷ್ಟಿದೋಷವೆಂದರು. "ವಾಸಿಯಾಯಿತಲ್ಲ, ಇನ್ನು ಬೆಂಗಳೂರಿಗೇಕೆ?" ಎಂದು ಯಜಮಾನರು ಸುಮ್ಮನಾದರು. ಆಕೆಯ ಮುಂದಿನ ಅನೇಕ ವರ್ಷಗಳ ನಡಿಗೆಯು ಈ ಒಂದು ಮಾತನ್ನು ಅವಲಂಬಿಸಿರಬಹುದು.

ಹೇಗೆಂದರೆ, ಕರ್ಟ್ಸ್‌ಕೆ ಎಂಬ ವೈದ್ಯನು 1983ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಈ ರೋಗದ ಕುಂದನ್ನು ಸೊನ್ನೆಯಿಂದ ಹತ್ತರವರೆಗೆ ಎಣಿಸುವರು. ನಾಲ್ಕರಲ್ಲಿ ನಡಿಗೆಯ ದೂರ ಕುಗ್ಗತೊಡಗುವುದು. ಆರರಲ್ಲಿ ಊರುಗೋಲು ಬೇಕಾಗುವುದು. ಮೊದಲ ಎರಡು ವರ್ಷಗಳಲ್ಲಿ ಹೆಚ್ಚು ಸಲ ಮರುಕಳಿಸಿದವರು ಬೇಗನೆ ಊರುಗೋಲು ಹಿಡಿದರೆಂದು ಕೆನಡಾದ ವೈದ್ಯರು 1989ರಲ್ಲಿ ತೋರಿಸಿದರು. 2003ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಮರುಕಳಿಕೆಯಾದ ಸುಮಾರು ಎರಡು ತಿಂಗಳ ಬಳಿಕವೂ ನೂರಕ್ಕೆ 42 ಮಂದಿಯಲ್ಲಿ ಅರ್ಧ ಮೆಟ್ಟಿಲಿನಷ್ಟಾದರೂ ಕುಂದು ಉಳಿದಿತ್ತು. ಆದರೆ ಫ್ರಾನ್ಸಿನ ಲಿಯೋನ್ ನಗರದ ವೈದ್ಯರು 1,844 ರೋಗಿಗಳನ್ನು ಪರಿಶೀಲಿಸಿ, ನಾಲ್ಕನೆಯ ಮೆಟ್ಟಿಲನ್ನು ದಾಟಿದ ಮೇಲೆ ರೋಗವು ಮರುಕಳಿಸಲಿ, ಬಿಡಲಿ, ಕುಂದು ಬೆಳೆಯುವ ವೇಗವು ಹೆಚ್ಚುಕಡಿಮೆ ಒಂದೇ ಎಂದು 2000ದಲ್ಲಿ ತಿಳಿಸಿದರು.

ಈ ಎರಡು ಮಾತುಗಳು ಪರಸ್ಪರ ವಿರುದ್ಧವೆಂದು ತೋರಿದರೂ ತಾತ್ಪರ್ಯವೊಂದೇ: ಹೊರಗೆ ಶಾಂತವಾಗಿರುವಾಗಲೂ ಒಳಗೆ ಹಾನಿ ನಡೆಯಬಲ್ಲದು, ಆದುದರಿಂದ ಚಿಕಿತ್ಸೆಗೆ ಮೊದಲ ವರ್ಷಗಳೇ ಉತ್ತಮ ಕಾಲ.

ಮರುಕಳಿಸಿದಾಗ ಮೂರರಿಂದ ಐದು ದಿನ ಕೊಡುವ ಸ್ಟೀರಾಯ್ಡ್ ಔಷಧವು ಚೇತರಿಕೆಯನ್ನು ತ್ವರೆಗೊಳಿಸುವುದೇ ಹೊರತು ಮುಂದಿನದನ್ನು ತಡೆಯದು. ಮರುಕಳಿಕೆಯನ್ನು ಕಡಿಮೆಮಾಡುವ ಇಂಟರ್‌ಫೆರಾನ್ 1993ರಲ್ಲಿ ಬಳಕೆಗೆ ಬಂದಿತು. ಆಮೇಲೆ ಅದಕ್ಕಿಂತ ಪ್ರಬಲವಾದವೂ ಬಂದಿವೆ. ಇವು ರೋಗವನ್ನು ನಿರ್ಮೂಲಮಾಡವು, ಬೆಲೆಯೂ ಹೆಚ್ಚು. ಆದರೂ ಇವನ್ನು ಚೆನ್ನಾಗಿರುವ ತಿಂಗಳುಗಳಲ್ಲಿಯೇ ತಪ್ಪದೆ ಸೇವಿಸಬೇಕು. ವೈದ್ಯರನ್ನು ಕೇಳದೆ ಬಿಡಬಾರದು.

ಕಡೂರಿನ ಬೇಸಗೆಯ ಬಿಸಿಲಿನಲ್ಲಿಯೋ ಜ್ವರದಲ್ಲಿಯೋ ಹಳೆಯ ಲಕ್ಷಣಗಳು ಸ್ವಲ್ಪ ಹೊತ್ತು ತಲೆದೋರಿ, ಮೈ ತಣಿದೊಡನೆ ಇಳಿಯುವುದುಂಟು. ಅದು ನಿಜವಾದ ಮರುಕಳಿಕೆಯಲ್ಲ. ಜ್ವರವಿಲ್ಲದೆ ಹೊಸ ಲಕ್ಷಣವು 24 ಗಂಟೆಗಳಿಗೆ ಮೀರಿ ನಿಂತರೆ ವೈದ್ಯರಿಗೆ ತೋರಿಸತಕ್ಕದ್ದು. ಇದನ್ನೇ ಹೋಲುವ, ಆದರೆ ಬೇರೆ ಔಷಧವನ್ನು ಬೇಡುವ ವ್ಯಾಧಿಯೂ ಉಂಟಾದುದರಿಂದ ನರರೋಗತಜ್ಞರ ಪರೀಕ್ಷೆಯು ಅವಶ್ಯ.

ಇದು ಪರದೇಶದ ರೋಗವೆಂದು ಉದಾಸೀನಮಾಡಲಾಗದು. 2014ರಲ್ಲಿ ಪ್ರಕಟವಾದ ಮಂಗಳೂರಿನ ಗಣನೆಯಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿ ಕಂಡುಬಂದರು. ನಮ್ಮ ಮೂರು ಊರುಗಳಿಗೂ ರೈಲುಮಾರ್ಗವುಂಟು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯುಂಟು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಈ ರೋಗದ ಹೆಸರೂ ಸೇರಿದೆ.

ಮನೆಯಲ್ಲಿ ಯಾರಿಗಾದರೂ ಹೀಗೆ ಕಣ್ಣು ಮಂಜಾಗಿಯೋ ಕಾಲು ಸೋತೋ ತಾನಾಗಿ ಸರಿಹೋದರೆ ಸಂತೋಷಪಡಿರಿ, ಆದರೆ ಸುಮ್ಮನಿರಬೇಡಿರಿ. ಮಳೆ ನಿಂತಿರುವಾಗಲೇ ಮಾಡಿನ ಹೆಂಚನ್ನು ಸರಿಪಡಿಸುವ ವಿವೇಕವನ್ನು ಇಲ್ಲಿಯೂ ತೋರಿಸಬೇಕೆಂದು ನಮ್ಮ ವಿಜ್ಞಾಪನೆ.