ಸ್ವಂತ ದುಡಿಮೆ ಎಷ್ಟು ಸ್ವಂತ? ತೊರಪಳ್ಳಿ ಕಡೆಯ ಒಂದು ನೋಟ

ತೊರಪಳ್ಳಿಯಂಥ ಊರಲ್ಲಿ ಸ್ವಯಂ ಉದ್ಯೋಗ ಅಂದರೇನು ಅಂತ ಕೇಳಿದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್ ಪ್ರಕಾರ, 2023-24ರಲ್ಲಿ ದೇಶದ ದುಡಿಯುವವರಲ್ಲಿ ಶೇ. 58.4ರಷ್ಟು ಜನ ಸ್ವಯಂ ಉದ್ಯೋಗಿಗಳು. ಕೂಲಿಯಲ್ಲ, ಸಂಬಳವಲ್ಲ, ಸ್ವಂತ ಕಸುಬು ಅಂದರೆ ಈ ಲೆಕ್ಕಕ್ಕೆ ಸೇರುತ್ತೀರಿ. ದರ ಯಾರು ಕಟ್ಟುತ್ತಾರೆ ಅನ್ನೋದು ಈ ವಿಂಗಡಣೆಯಲ್ಲಿ ಬರೋದಿಲ್ಲ.

ಗೂಡಲೂರು ಸುತ್ತಲಿನ ಸಣ್ಣ ಚಹಾ ಬೆಳೆಗಾರರನ್ನೇ ನೋಡಿ. ಗಿಡ ಅವರದು, ಗೊಬ್ಬರದ ಖರ್ಚೂ ಅವರದೇ. ಆದರೆ ಕಿತ್ತ ಹಸಿ ಎಲೆ ಬೇಗ ಫ್ಯಾಕ್ಟರಿ ಸೇರಬೇಕು, ಇಲ್ಲಾಂದ್ರೆ ಕೆಡುತ್ತೆ. ಚೌಕಾಸಿ ಮಾಡ್ತಾ ಕೂರೋ ಹಾಗಿಲ್ಲ. ಇಂಡ್ಕೋಸರ್ವ್‌ನ ಸಹಕಾರಿ ಫ್ಯಾಕ್ಟರಿ ಇರಲಿ, ಖಾಸಗಿಯದಿರಲಿ, ಕೊಟ್ಟ ದರಕ್ಕೆ ಕೊಡಬೇಕು. ಸಾಲ ತೆಗೆಯೋಣ ಅಂದರೆ ಅಲ್ಲೂ ತೊಡಕು. 1969ರ ಗೂಡಲೂರು ಜನ್ಮಂ ಎಸ್ಟೇಟ್ ಕಾಯ್ದೆಯ 17ನೇ ಕಲಮಿನಡಿ ಬರುವ ಜಮೀನಲ್ಲಿ ನೆಲೆಸಿದವರಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದೆ ಬ್ಯಾಂಕಿಗೆ ಏನು ತೋರಿಸೋದು?

ಇನ್ನು ತೊರಪಳ್ಳಿಯ ರಸ್ತೆ ಬದಿಯ ಟೀ ಅಂಗಡಿ. ಊರು ದಾಟಿದರೆ ಮುದುಮಲೆ, ಆಮೇಲೆ ಬಂಡೀಪುರ. 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ. ಕಾಡುಪ್ರಾಣಿಗಳಿಗೆ ಅದು ಬೇಕಾದದ್ದೇ, ನಾನು ವಿರೋಧಿಸ್ತಿಲ್ಲ. ಆದರೆ ಮೈಸೂರಿನ ಗಾಡಿಗಳನ್ನು ನಂಬಿದ ಅಂಗಡಿಯ ವ್ಯಾಪಾರದ ವೇಳೆ ಅಂಗಡಿಯವರ ಕೈಲಿಲ್ಲ. ಅಂಥ ಅಂಗಡಿಯಲ್ಲಿ ಲೋಟ ತೊಳೆಯುವ ಹೆಂಡತಿಯನ್ನೂ ಸಮೀಕ್ಷೆ ಸ್ವಯಂ ಉದ್ಯೋಗಿ ಅಂತಲೇ ಎಣಿಸುತ್ತೆ, 'ಮನೆ ಉದ್ದಿಮೆಯ ಸಹಾಯಕಿ' ಅನ್ನೋ ಹೆಸರಲ್ಲಿ. ಆಕೆಗೆ ಸಂಬಳ ಇಲ್ಲ.