ಮನೆ ಮುಂದಿನ ಮರಕ್ಕೆ ಗರಗಸ ಹಚ್ಚುವ ಮುನ್ನ

ಬೆಂಗಳೂರಿನ ಬಡಾವಣೆಗಳಲ್ಲಿ ಮರ ಕಡಿಯುವವರ ಜೊತೆ ನಡೆಯುವ ಚೌಕಾಸಿಗೆ ಗೊತ್ತಾದ ಒಂದು ಧಾಟಿ ಇದೆ. ಗೇಟಿನ ಬಳಿ ನಿಂತು ಮರವನ್ನು ಬುಡದಿಂದ ತುದಿಯವರೆಗೆ ಅಳೆದು ನೋಡಿದ ಮೇಸ್ತ್ರಿ ಒಂದು ದರ ಹೇಳುತ್ತಾನೆ. ಮನೆಯವರು ಜಾಸ್ತಿಯಾಯಿತು ಅನ್ನುತ್ತಾರೆ. ‘ಸೌದೆ ನಮಗೇ ಬಿಡೋದಾದ್ರೆ ಕಮ್ಮಿ ಮಾಡ್ಕೊಳ್ಳೋಣ ಸಾರ್’ ಎಂದು ಅವನು ಇಳಿಯುತ್ತಾನೆ. ಇಬ್ಬರಿಗೂ ಲಾಭವೆನಿಸುವ ಈ ಒಪ್ಪಂದದಲ್ಲಿ ಸೋಲುವುದು ಮರ. ಕೂಲಿಯ ಒಂದು ಪಾಲು ಸೌದೆಯ ರೂಪದಲ್ಲಿ ಬರುವುದಾದರೆ ಕಡಿಯುವವನ ಕಣ್ಣು ಒಣಗಿದ ಸಣ್ಣ ರೆಂಬೆಯ ಮೇಲೆ ಯಾಕೆ ಬಿದ್ದೀತು? ದಪ್ಪ ಕೊಂಬೆಯೇ ಮೊದಲು ಇಳಿಯುತ್ತದೆ. ಸಂಜೆಯ ಹೊತ್ತಿಗೆ ಮನೆ ಮುಂದೆ ಎಲೆಯಿಲ್ಲದ ಮೋಟು ಕಾಂಡ ನಿಂತಿರುತ್ತದೆ. ಈ ಮಳೆಗಾಲಕ್ಕೆ ಇನ್ನು ಭಯವಿಲ್ಲ ಎಂದು ಮನೆಯವರು ನಿರಾಳವಾಗುತ್ತಾರೆ.

ಭಯಪಡಬೇಕಾದದ್ದು ಅಲ್ಲಿಂದಾಚೆಗೆ.

ಮರದ ಭಯ ಸುಳ್ಳೇನೂ ಅಲ್ಲ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳಿಗೆ 1891ರಿಂದ ಇದ್ದ ದಾಖಲೆ ಮುರಿಯಿತು. ಗಾಳಿ ಮಳೆಗೆ ನಗರದಲ್ಲಿ ನೂರಾರು ಮರಗಳು ಬಿದ್ದವು. ಗಾಳಿಯ ವೇಗ ಎರಡು ಪಟ್ಟಾದರೆ ಅದು ಮರದ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ದಿನವೂ ತೂಗಾಡುತ್ತ ನಿಂತ ಮರ ಒಂದು ಸಂಜೆಯ ಬಿರುಗಾಳಿಗೆ ಉರುಳಿಬಿಡುವುದು. ಕೊಂಬೆಯ ಭಾರವನ್ನೂ ಜನ ಕಡಿಮೆ ಅಂದಾಜು ಮಾಡುತ್ತಾರೆ. ಒಂದಡಿ ದಪ್ಪ, ಹದಿಮೂರು ಅಡಿ ಉದ್ದದ ಹಸಿ ಕೊಂಬೆ ಸುಮಾರು ಕಾಲು ಟನ್ ತೂಗುತ್ತದೆ. ಅದರ ಕೆಳಗೆ ನಿಲ್ಲಿಸಿದ ಕಾರಿನ ಗತಿ ಹೇಳಬೇಕಿಲ್ಲ.

ಹಾಗಿದ್ದರೆ ತಲೆ ಕತ್ತರಿಸಿ ಎತ್ತರ ತಗ್ಗಿಸುವುದರಲ್ಲಿ ತಪ್ಪೇನು? ಮೊದಲ ವರ್ಷ ತಪ್ಪು ಕಾಣುವುದೂ ಇಲ್ಲ. ಹೊಂಗೆಯಾಗಲಿ ಮಳೆಮರವಾಗಲಿ ಎಲೆಯೆಲ್ಲ ಕಳೆದುಕೊಂಡರೆ ಹಸಿವಿಗೆ ಬೀಳುತ್ತದೆ. ಇದ್ದಬದ್ದ ದಾಸ್ತಾನನ್ನೆಲ್ಲ ಖರ್ಚು ಮಾಡಿ, ಕಡಿದ ಜಾಗದ ಸುತ್ತ ಹತ್ತಾರು ಚಿಗುರುಗಳನ್ನು ಒಟ್ಟಿಗೆ ನೂಕುತ್ತದೆ. ಮರ ಮತ್ತೆ ಹಸಿರಾಯಿತೆಂದು ಮನೆಯವರಿಗೆ ಸಮಾಧಾನ. ಸಹಜವಾಗಿ ಹುಟ್ಟಿದ ಕೊಂಬೆಯ ಬುಡವನ್ನು ಕಾಂಡದ ಪದರಗಳು ವರ್ಷವರ್ಷವೂ ಸುತ್ತಿಕೊಳ್ಳುತ್ತ ಹೋಗುತ್ತವೆ. ಈ ಹೊಸ ಚಿಗುರುಗಳಿಗೆ ಆ ಆಳದ ಹಿಡಿತ ಇಲ್ಲ, ಅವು ಹೊರಪದರಕ್ಕೆ ಅಂಟಿಕೊಂಡೇ ತೋಳಿನ ಗಾತ್ರಕ್ಕೆ ಬೆಳೆಯುತ್ತವೆ. ಅಷ್ಟರಲ್ಲಿ ಕೆಳಗಿನ ಮೋಟಿನ ತೆರೆದ ಗಾಯಕ್ಕೆ ನೀರಿಳಿದು ಲಡ್ಡು ಹಿಡಿದಿರುತ್ತದೆ. ನಾಲ್ಕೈದು ಮಳೆಗಾಲದ ನಂತರ ಮುರಿದು ಬೀಳುವುದು ಈ ಕೊಂಬೆಗಳೇ. ಆಗ ಇಡೀ ಮರವೇ ಅಪಾಯಕಾರಿ ಎಂಬ ಅರ್ಜಿ ಪಾಲಿಕೆಗೆ ಹೋಗುತ್ತದೆ. ಭಯಕ್ಕೆ ಬೋಳಿಸಿದ ಮರವನ್ನು ಕೊನೆಗೆ ಭಯಕ್ಕೇ ಉರುಳಿಸುವುದು ನಮ್ಮ ಬಡಾವಣೆಗಳಲ್ಲಿ ಸಾಮಾನ್ಯ ಕಥೆ. ಇನ್ನು ತೆಂಗಿನ ಲೆಕ್ಕವೇ ಬೇರೆ. ಅದರ ಬೆಳವಣಿಗೆಯ ಮೊಳಕೆ ಇರುವುದು ಒಂದೇ, ನೆತ್ತಿಯಲ್ಲಿ. ತಲೆ ಕಡಿದರೆ ಅಲ್ಲಿಗೆ ಮುಗಿಯಿತು.

ಮರದ ಒಳಗಿನ ಈ ವ್ಯವಹಾರವನ್ನು ಬಿಡಿಸಿ ತೋರಿಸಿದವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ (1930–2006). ಯಂತ್ರಗರಗಸ ಬಳಕೆಗೆ ಬಂದ ಕಾಲದಲ್ಲಿ ಅವರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಗಾಯವಾದ ಜಾಗದಲ್ಲಿ ಕೊಳೆತ ಎಲ್ಲಿಂದ ಎಲ್ಲಿಯವರೆಗೆ ಹೋಗಿದೆ ಎಂದು ನೋಡಿದರು. ಮರಕ್ಕೆ ಪ್ರಾಣಿಗಳಂತೆ ಹಳೆಯ ಜೀವಕೋಶ ರಿಪೇರಿ ಮಾಡಿಕೊಳ್ಳುವ ಶಕ್ತಿ ಇಲ್ಲ. ಗಾಯದ ಸುತ್ತ ಅದು ಗೋಡೆ ಎಬ್ಬಿಸಿ, ಕೆಟ್ಟ ಭಾಗವನ್ನು ಅಲ್ಲಿಗೇ ಕಟ್ಟಿಹಾಕಿ, ಹೊರಗಿನಿಂದ ಹೊಸ ಮರ ಬೆಳೆಸಿಕೊಳ್ಳುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ತೊಗಟೆ ಸ್ವಲ್ಪ ಉಬ್ಬಿಕೊಂಡಿರುವುದನ್ನು ಯಾವ ಮಾವಿನ ಮರದಲ್ಲೂ ನೋಡಬಹುದು. ಆ ಉಬ್ಬಿನ ಅಂಗಾಂಶ ಕಾಂಡಕ್ಕೆ ಸೇರಿದ್ದು. ಗೋಡೆ ಕಟ್ಟುವ ಕೆಲಸ ನಡೆಯುವುದೂ ಅಲ್ಲೇ. ನುಣ್ಣಗೆ ಕಾಣಲಿ ಎಂದು ಕಾಂಡಕ್ಕೆ ಸಮವಾಗಿ ಕೊಯ್ದರೆ ಉಬ್ಬು ಹೋಯಿತು, ಗಾಯ ದೊಡ್ಡದಾಯಿತು. ಒಂದಡಿ ಗೂಟ ಬಿಟ್ಟರೆ ಆ ಗೂಟ ಒಣಗಿ, ಕೊಳೆತು, ರೋಗಕ್ಕೆ ದಾರಿ ಮಾಡಿಕೊಡುತ್ತದೆ. ಗರಗಸ ಆಡಬೇಕಾದದ್ದು ಉಬ್ಬನ್ನು ಉಳಿಸಿ ಅದರ ಹೊರಮಗ್ಗುಲಲ್ಲಿ. ಮರ ಸವರುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇಷ್ಟೇ, ಆದರೆ ಮಚ್ಚು ಹಿಡಿದು ಬರುವ ಹತ್ತು ಜನರಲ್ಲಿ ಇದನ್ನು ಪಾಲಿಸುವವರು ಸಿಗುವುದೇ ಅಪರೂಪ. ಮಚ್ಚಿನಿಂದ ಅದು ಸಾಧ್ಯವೂ ಇಲ್ಲ. ಮಚ್ಚು ಸೀಳುತ್ತದೆ, ಗರಗಸ ಕೊಯ್ಯುತ್ತದೆ.

ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲಕ್ಕೆ ಕೊಯ್ಯಲು ಹೋದರೆ, ಅರ್ಧ ದಾಟುವಷ್ಟರಲ್ಲಿ ಅದು ತನ್ನ ಭಾರಕ್ಕೇ ಮುರಿದು ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಬೀಳುತ್ತದೆ. ಬಲ್ಲವರು ಮೂರು ಸಲ ಕೊಯ್ಯುತ್ತಾರೆ. ಕಾಂಡದಿಂದ ಒಂದಡಿ ಆಚೆಗೆ, ಕೊಂಬೆಯ ಕೆಳಮಗ್ಗುಲಿನಿಂದ ಮೇಲಕ್ಕೆ, ದಪ್ಪದ ಮೂರನೇ ಒಂದು ಭಾಗದಷ್ಟು ಮೊದಲನೆಯದು. ಅದರಿಂದ ಎರಡು ಮೂರು ಅಂಗುಲ ಹೊರಗೆ, ಮೇಲಿನಿಂದ ಎರಡನೆಯದು. ಕೊಂಬೆ ಇಲ್ಲಿ ಮುರಿದರೂ ಸೀಳು ಮೊದಲ ಕೊಯ್ತಕ್ಕೆ ಬಂದು ನಿಲ್ಲುತ್ತದೆ. ಉಳಿದ ಮೋಟನ್ನು ಉಬ್ಬಿನ ಹೊರಗೆ ತೆಗೆಯುವುದು ಮೂರನೆಯದು. ಕೊಯ್ದ ಜಾಗಕ್ಕೆ ಟಾರು, ಪೇಂಟು ಬಳಿಯುವ ರೂಢಿಯಿಂದ ಕೊಳೆತ ತಪ್ಪುವುದಿಲ್ಲ ಎಂಬುದನ್ನೂ ಶೈಗೊ ತೋರಿಸಿಕೊಟ್ಟರು. ಮಾವಿನ ತೋಟದವರು ಶಿಲೀಂಧ್ರ ತಡೆಗೆ ಹಚ್ಚುವ ಬೋರ್ಡೋ ಮುಲಾಮಿನ ಮಾತು ಬೇರೆ, ಅದು ಔಷಧ.

ಎಷ್ಟು ತೆಗೆಯಬೇಕು? ಒಂದು ವರ್ಷದಲ್ಲಿ ಹಸಿರು ಹೊದಿಕೆಯ ಕಾಲು ಭಾಗಕ್ಕಿಂತ ಹೆಚ್ಚು ಬೇಡ ಎನ್ನುವುದು ವೃಕ್ಷತಜ್ಞರು ಒಪ್ಪುವ ಮಿತಿ. ಮುದಿ ಮರಕ್ಕೆ ಅದಕ್ಕಿಂತ ಕಡಿಮೆ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಬಂದಳಿಕೆ ಹಿಡಿದದ್ದು ಮೊದಲು ಹೋಗಲಿ. ಮಾವು, ಹೊಂಗೆಗಳ ಮೇಲೆ ಬಂದಳಿಕೆ ಬೇಗ ಹಬ್ಬುತ್ತದೆ. ಮೇಲಿನ ಗಿಡವನ್ನಷ್ಟೇ ಕಿತ್ತರೆ ಸಾಲದು, ಅದರ ಬೇರು ಕೊಂಬೆಯೊಳಗೆ ಇಳಿದಿರುತ್ತದೆ. ಅಂಟಿಕೊಂಡ ಜಾಗಕ್ಕಿಂತ ಕೆಳಗಿನಿಂದ ಕೊಂಬೆಯನ್ನೇ ತೆಗೆಯಬೇಕು. ಕಾಲವೂ ಮುಖ್ಯ. ಮಾವನ್ನು ಕೊಯ್ಲು ಮುಗಿದ ಕೂಡಲೇ ಸವರಿದರೆ ಮುಂದಿನ ಹೂವಿಗೆ ಹೊಸ ಚಿಗುರು ಬಲಿಯುತ್ತದೆ. ನವೆಂಬರಿನಲ್ಲಿ ಕತ್ತರಿ ಆಡಿಸಿದವರಿಗೆ ಆ ವರ್ಷ ಉಪ್ಪಿನಕಾಯಿಗೂ ಕಾಯಿ ಸಿಗಲಿಕ್ಕಿಲ್ಲ.

ಕೊಂಬೆಯ ವಿಚಾರ ಕಣ್ಣಿಗೆ ಕಾಣುತ್ತದೆ, ಬೇರಿನದು ಕಾಣುವುದಿಲ್ಲ. ಮರ ಎಷ್ಟು ಎತ್ತರವೋ ಬೇರೂ ಅಷ್ಟೇ ಆಳ ಎಂಬ ನಂಬಿಕೆ ತಪ್ಪು. ಬಹುಪಾಲು ಬೇರು ಮೇಲಿನ ಮೂರಡಿ ಮಣ್ಣಿನಲ್ಲೇ, ಹೊದಿಕೆಯ ನೆರಳನ್ನೂ ದಾಟಿ ಅಡ್ಡಡ್ಡ ಹರಡಿರುತ್ತದೆ. ಅಗಲ ತಟ್ಟೆಗೆ ಅಂಟಿಸಿ ನಿಲ್ಲಿಸಿದ ಲೋಟದ ಹಾಗೆ ಮರ ನಿಂತಿರುವುದು ಆ ಹರವಿನ ಬಲದಿಂದ. ಚರಂಡಿಗೆಂದು ಒಂದು ಕಡೆ, ಕೇಬಲ್‌ಗೆಂದು ಇನ್ನೊಂದು ಕಡೆ, ಸಂಪಿಗೆಂದು ಮಗದೊಂದು ಕಡೆ ಅಗೆದು, ಉಳಿದ ಬುಡಕ್ಕೆ ಕಾಂಕ್ರೀಟು ಸುರಿದರೆ ಮರಕ್ಕೆ ಹಿಡಿದುಕೊಳ್ಳಲು ಏನು ಉಳಿಯಿತು? ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ನಮ್ಮ ಫುಟ್‌ಪಾತುಗಳಲ್ಲಿ ಟೈಲ್ಸು ಇಂದಿಗೂ ಎಷ್ಟೋ ಕಡೆ ತೊಗಟೆಗೆ ತಾಗಿಕೊಂಡೇ ಇರುತ್ತದೆ.

ಆಯ್ಕೆಯ ಎಡವಟ್ಟೂ ಇದರಲ್ಲಿ ಸೇರಿದೆ. 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಬೀದಿ ಹೂವಾಗಿರಲಿ ಎಂದು ಬೆಂಗಳೂರಿಗೆ ಮರಗಳನ್ನು ಆರಿಸಿದವರು. ಆಗಿನದು ಅಗಲ ರಸ್ತೆ, ದೊಡ್ಡ ಕಾಂಪೌಂಡಿನ ಬಂಗಲೆಗಳ ಊರು. ಮಡಗಾಸ್ಕರ್ ಮೂಲದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಮಳೆಮರ ಅಲ್ಲಿಗೆ ಚೆಂದ. ಮೂವತ್ತು–ನಲವತ್ತರ ಸೈಟಿನ ಎದುರು ಅವೇ ಮರಗಳು ನಿಂತರೆ ಜಗಳ ಖಾಯಂ. ಗುಲ್‌ಮೊಹರ್‌ನ ಕೊಂಬೆ ಪೆಡಸು, ಬೇರು ಮೇಲುಮೇಲಿನದು. ಇಕ್ಕಟ್ಟಿನ ಸೈಟಿಗೆ ಪಾರಿಜಾತ, ಕರಿಬೇವು, ನಿಂಬೆ, ನೆಲ್ಲಿಯಂಥವು ಹೊಂದುತ್ತವೆ. ಹಕ್ಕಿ ಹಾಕಿದ ಬೀಜದಿಂದ ಪ್ಯಾರಪೆಟ್ಟಿನ ಬಿರುಕಲ್ಲಿ ಹುಟ್ಟಿದ ಅರಳಿಯನ್ನು ಭಕ್ತಿಯಿಂದ ಬಿಟ್ಟುಕೊಂಡವರಿಗೆ ಮಾತ್ರ, ಮುಂದೆ ಗೋಡೆಯೋ ದೇವರೋ ಎಂಬ ಪ್ರಶ್ನೆ ಕಾದಿರುತ್ತದೆ.

ಕೆಲವು ಮರಗಳನ್ನು ತೆಗೆಯಲೇಬೇಕಾಗುತ್ತದೆ, ಅದರಲ್ಲಿ ಪಾಪಪ್ರಜ್ಞೆ ಬೇಕಿಲ್ಲ. ಬುಡದಲ್ಲಿ ಗಟ್ಟಿ ಅಣಬೆ ಬಂದಿದ್ದರೆ ಒಳಗಿನ ಬೇರು ಕೊಳೆಯುತ್ತಿದೆ ಎಂದೇ ಅನುಮಾನಿಸಬೇಕು. ಈಚೆಗೆ ವಾಲಿದ ಮರ, ವಾಲಿದ್ದಕ್ಕೆ ಎದುರು ದಿಕ್ಕಿನಲ್ಲಿ ಬಿರಿದ ನೆಲ, ಕವಲಿನ ಸಂದಿಯಲ್ಲಿ ಹೊಸ ಸೀಳು ಕಂಡರೆ ತಡಮಾಡುವಂತಿಲ್ಲ. ಆದರೆ ಹುಟ್ಟಿನಿಂದ ಓರೆಯಾಗಿ ಬೆಳೆದ ಮರವನ್ನು ಓರೆ ಎಂಬ ಕಾರಣಕ್ಕೇ ಕಡಿಯಬೇಕಿಲ್ಲ, ಅದು ಆ ಭಾರಕ್ಕೆ ತಕ್ಕಂತೆ ಮೈ ಕಟ್ಟಿಕೊಂಡಿರುತ್ತದೆ. ಪೊಟರೆ ಇದ್ದ ಮಾತ್ರಕ್ಕೂ ಮರ ಬೀಳುವುದಿಲ್ಲ. ಸುತ್ತ ಎಷ್ಟು ದಪ್ಪ ಗಟ್ಟಿಮರ ಉಳಿದಿದೆ ಎಂಬುದರ ಮೇಲೆ ಅದು ನಿಂತಿದೆ.

ಸ್ವಂತ ಜಾಗದ ಮರ, ನನ್ನಿಷ್ಟ ಎನ್ನುವ ಮಾತು ಕರ್ನಾಟಕದಲ್ಲಿ ನಡೆಯುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯ ಅಂಗಳದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿಯುವುದೆಂದರೆ ಬುಡಸಮೇತ ಉರುಳಿಸುವುದಷ್ಟೇ ಅಲ್ಲ. ಸುಡುವುದು, ಬೇರೆ ರೀತಿ ಹಾನಿ ಮಾಡುವುದೂ ಅದರಲ್ಲಿ ಸೇರುತ್ತದೆ. ಅಂದರೆ ಅಂಗಡಿಯ ಬೋರ್ಡಿಗೆ ಅಡ್ಡವಾಯಿತೆಂದು ರಾತ್ರೋರಾತ್ರಿ ಬುಡಕ್ಕೆ ಆಸಿಡ್ ಸುರಿಯುವವರೂ, ತೊಗಟೆಯನ್ನು ಸುತ್ತಲೂ ಕೆತ್ತಿ ಮರವನ್ನು ಒಣಗಿಸುವವರೂ ಇದೇ ಕಾನೂನಿನ ಅಡಿ ಬರುತ್ತಾರೆ. ಸತ್ತ ಮರ, ರೋಗ ಹಿಡಿದ ಮರ, ಜೀವಕ್ಕೋ ಆಸ್ತಿಗೋ ಅಪಾಯವಾದ ಮರ, ಸಂಚಾರಕ್ಕೆ ಅಡ್ಡಿಯಾದ ಮರ, ಇವಕ್ಕೆ ಅನುಮತಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಅನುಮತಿ ಪಡೆದವರು ಬದಲಿ ಸಸಿ ನೆಡುವ ಹೊಣೆಯನ್ನೂ ಹೊರಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಶ್ರೀಗಂಧದ ವಿಷಯದಲ್ಲಿ ಮಾತ್ರ ಅವಸರ ಬೇಡ. ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯಿಂದ ಅದು ಜಾಗದ ಮಾಲೀಕರ ಸ್ವತ್ತಾಗಿದ್ದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕೇ ಬೇಕು. ಫುಟ್‌ಪಾತಿನ ಮರವಂತೂ ಮನೆಯವರದ್ದಲ್ಲವೇ ಅಲ್ಲ. ಬೆಂಗಳೂರಿನಲ್ಲಿ ಅದರ ದೂರು ಪಾಲಿಕೆಯ 1533ಕ್ಕೆ, ಕೊಂಬೆ ತಂತಿಗೆ ತಾಗುತ್ತಿದ್ದರೆ ಬೆಸ್ಕಾಂನ 1912ಕ್ಕೆ ಹೋಗಬೇಕು. ತಂತಿಯ ಹತ್ತಿರದ ಹಸಿ ಕೊಂಬೆಯಲ್ಲಿ ಕರೆಂಟು ಹರಿಯಬಹುದು. ಲೈನ್ ಆಫ್ ಮಾಡಿಸದೆ ಅದನ್ನು ಯಾರಿಂದಲೂ ಮುಟ್ಟಿಸಬಾರದು.

ಇನ್ನು ಕೆಲಸದವರ ಮಾತು. ಮರ ಕಡಿಯುವ ಕೆಲಸ ನಮ್ಮಲ್ಲಿ ದಿನಗೂಲಿಯ ಕೆಲಸವಾಗಿಯೇ ಉಳಿದಿದೆ. ಬರಿಗಾಲಲ್ಲಿ, ಸೊಂಟಕ್ಕೆ ಹಗ್ಗವಿಲ್ಲದೆ, ಒಂದು ಕೈಲಿ ಕೊಂಬೆ ಇನ್ನೊಂದು ಕೈಲಿ ಮಚ್ಚು ಹಿಡಿದು ಮೂರು ಮಹಡಿ ಎತ್ತರಕ್ಕೆ ಏರುವವರನ್ನು ದಿನವೂ ನೋಡುತ್ತೇವೆ. ಕರೆಸುವ ಮೊದಲು ಮರದಲ್ಲಿ ಹಕ್ಕಿಗೂಡು, ಹೆಜ್ಜೇನು ಇದೆಯೇ ನೋಡಿಕೊಳ್ಳಿ. ಮರಿಗಳಿದ್ದರೆ ಕೆಲವು ವಾರ ಕಾಯಿರಿ. ಯಾವ ಯಾವ ಕೊಂಬೆ ಹೋಗಬೇಕೆಂದು ಸುಣ್ಣದಿಂದ ಗುರುತು ಹಾಕಿಸಿ, ಕೂಲಿಯನ್ನು ಪೂರ್ತಿ ದುಡ್ಡಿನಲ್ಲೇ ಮಾತಾಡಿ, ಸೌದೆಯನ್ನು ಲೆಕ್ಕಕ್ಕೆ ಸೇರಿಸಬೇಡಿ. ಹಗ್ಗ, ಹೆಲ್ಮೆಟ್ ಇಲ್ಲದೆ ಹತ್ತುತ್ತೇನೆ ಎನ್ನುವವರನ್ನು, ಎಷ್ಟೇ ಅಗ್ಗಕ್ಕೆ ಒಪ್ಪಿದರೂ, ಗೇಟಿನಿಂದಲೇ ವಾಪಸ್ ಕಳಿಸಿ.